ಕಂಬಗಳ ತವರೂರು

ಮೈಸೂರು ಅರಮನೆಗೆ ನೆಂಟರನ್ನು ಕರೆದುಕೊಂಡು ಹೋಗಿ ಹೋಗಿ ಕಲ್ಯಾಣ ಮಂಟಪದ ಗೈಡುಗಳ ಮಾತು ನನಗೆ ಬಾಯಿಪಾಠವಾಗಿದೆ. ‘ಮೇಲೆ ನೋಡಿ, ನವಿಲಿನ ಚಿತ್ತಾರದ ಬಣ್ಣದ ಗಾಜು. ಈ ಕಂಬಗಳು ಕಲ್ಲಿನವಲ್ಲ, ಬೀಡು ಕಬ್ಬಿಣದವು. ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಹಡಗಿನಲ್ಲಿ ಬಂದವು.’ ನೆಂಟರು ಕತ್ತೆತ್ತಿ ನೋಡುತ್ತಾರೆ, ಮುಂದಿನ ಕೋಣೆಗೆ ಹೋಗುತ್ತಾರೆ. ಮೂವತ್ತು ವರ್ಷ ಈ ಮಾತು ಕೇಳಿದರೂ ಗ್ಲಾಸ್ಗೋ ಎಂದರೆ ಜನ ಬಾಳುವ, ತರಕಾರಿ ಕೊಳ್ಳುವ, ಬಸ್ಸಿಗೆ ಕಾಯುವ ಊರು ಎಂದು ನನಗೆ ಒಮ್ಮೆಯೂ ಅನಿಸಿರಲಿಲ್ಲ. ಅದು ಕಂಬಗಳು ಹುಟ್ಟುವ ಜಾಗ, ಅಷ್ಟೆ. ಮಗಳಿಗೆ ಅಲ್ಲೇ ಸಂಶೋಧನೆಯ ಕೆಲಸ ಸಿಕ್ಕಿತು. ‘ಅಮ್ಮ, ಅಪ್ಪ, ಮೇ ತಿಂಗಳಲ್ಲಿ ಬನ್ನಿ, ಮಳೆ ಕಡಿಮೆ’ ಎಂದಳು. ಮಳೆಯ ವಿಷಯದಲ್ಲಿ ಅವಳು ಹೇಳಿದ್ದು ಸುಳ್ಳು.

ಮೊದಲ ದಿನ

ಮಗಳ ಮನೆ ಊರಿನ ಪೂರ್ವಕ್ಕಿರುವ ಡೆನಿಸ್ಟೌನಿನಲ್ಲಿ. ಬೀದಿಯುದ್ದಕ್ಕೂ ಕೆಂಪು ಮರಳುಗಲ್ಲಿನ ನಾಲ್ಕು ಅಂತಸ್ತಿನ ಮನೆಗಳು ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತಿವೆ. ಇವಕ್ಕೆ ಟೆನೆಮೆಂಟ್ ಎನ್ನುತ್ತಾರೆ. ಒಂದು ಬಾಗಿಲು, ಒಳಗೆ ಎಲ್ಲರಿಗೂ ಸೇರಿದ ಓಣಿ, ಕಲ್ಲಿನ ಮೆಟ್ಟಿಲು, ಪ್ರತಿ ಅಂತಸ್ತಿನಲ್ಲೂ ಎರಡು ಮೂರು ಮನೆ. ಆ ಓಣಿ ಮತ್ತು ಮೆಟ್ಟಿಲಿಗೆ ‘ಕ್ಲೋಸ್’ ಎಂದು ಹೆಸರು. ಲಿಫ್ಟ್ ಇಲ್ಲ. ಉಪ್ಪಿನಕಾಯಿ, ಸಾರಿನ ಪುಡಿ, ಹುರಿಗಡಲೆ ತುಂಬಿದ ಸೂಟ್‌ಕೇಸನ್ನು ನೋಡಿ ನಾನು ಉಸಿರು ಬಿಡುವಷ್ಟರಲ್ಲಿ ಕೆಳಗಿನ ಮನೆಯ ಗಂಡಸೊಬ್ಬ ಹೇಳದೆ ಕೇಳದೆ ಅದನ್ನು ಎತ್ತಿಕೊಂಡು ಮೇಲೇರಿದ. ಇಳಿಯುವಾಗ ನನ್ನನ್ನು ನೋಡಿ ಏನೋ ಅಂದ. ನನಗೆ ಕೇಳಿಸಿದ್ದು ‘ಹೆನ್’ ಎಂಬ ಒಂದೇ ಪದ.

‘ನನ್ನನ್ನು ಕೋಳಿ ಎಂದನೇ?’

ಮಗಳು ನಕ್ಕಳು. ಇಲ್ಲಿ ಹೆಂಗಸರನ್ನು ಅಕ್ಕರೆಯಿಂದ ಕರೆಯುವುದೇ ಹಾಗಂತೆ. ನಾವು ಅಕ್ಕ, ಅಮ್ಮ ಎಂದ ಹಾಗೆ ಇವರು ಕೋಳಿ ಎನ್ನುತ್ತಾರೆ. ಎರಡನೆಯ ದಿನದಿಂದ ನನಗೂ ಅದು ಇಷ್ಟವಾಯಿತು.

ಅಡುಗೆಗೆ ನಿಂತಾಗ ಒಂದು ಅಚ್ಚರಿ. ತೊಗರಿಬೇಳೆಗೆ ಅಭ್ಯಾಸದಂತೆ ಕುಕ್ಕರ್ ನಾಲ್ಕು ಕೂಗು ಕೂಗಿಸಿದೆ. ತೆರೆದರೆ ಬೇಳೆ ಇದ್ದ ಗುರುತೇ ಇಲ್ಲ, ಕರಗಿ ನೀರಾಗಿತ್ತು. ನಮ್ಮ ಬೋರ್‌ವೆಲ್ ನೀರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಈ ಊರಿನ ನೀರು ಐವತ್ತು ಕಿಲೋಮೀಟರಿಗೂ ಆಚೆಯ ಬೆಟ್ಟಗಳ ನಡುವಿನ ಲಾಕ್ ಕ್ಯಾಟ್ರಿನ್ ಎಂಬ ಸರೋವರದ್ದು, ಬಹಳ ಮೆದು. 1832, 1848, 1853 ಎಂದು ಮತ್ತೆ ಮತ್ತೆ ಕಾಲರಾ ಬಂದು ಜನ ಹುಳುಗಳಂತೆ ಸತ್ತ ಮೇಲೆ ಪುರಸಭೆ ಬೆಟ್ಟ ಕೊರೆದು, ಪಂಪಿನ ಹಂಗಿಲ್ಲದೆ ಇಳಿಜಾರಿನಲ್ಲೇ ನೀರು ಹರಿಯುವಂತೆ ಮಾಡಿತು. 1859ರಲ್ಲಿ ವಿಕ್ಟೋರಿಯಾ ರಾಣಿ ಬಂದು ತೂಬು ತೆರೆದಳು. ಆ ನೀರಿನಲ್ಲಿ ನಮ್ಮ ಕಾಫಿ ಪುಡಿಯ ಡಿಕಾಕ್ಷನ್ ಮೈಸೂರಿನಲ್ಲಿ ಇಳಿದದ್ದಕ್ಕಿಂತ ಚೆನ್ನಾಗಿ ಇಳಿಯಿತು. ನಮ್ಮವರು ಇದನ್ನು ಒಪ್ಪಲಿಲ್ಲ, ಎರಡು ಲೋಟ ಕುಡಿದರು. ಒಂಬತ್ತೂವರೆಯಾದರೂ ಹೊರಗೆ ಬೆಳಕಿತ್ತು. ದೇವರಿಗೆ ಸಂಜೆಯ ದೀಪ ಹಚ್ಚುವುದು ಯಾವಾಗ ಎಂದು ತಿಳಿಯದೆ ಮಲಗುವ ಮುಂಚೆ ಹಚ್ಚಿದೆ.

ಎರಡನೆಯ ದಿನ

ಊರಿನ ಲಾಂಛನವನ್ನು ದೀಪದ ಕಂಬಗಳ ಮೇಲೂ ನೋಡಬಹುದು. ಅದರಲ್ಲಿ ನಾಲ್ಕು ಸಂಗತಿಗಳಿವೆ. ಅದರ ಮೇಲೊಂದು ಮಕ್ಕಳ ಪದ್ಯವೂ ಇದೆ: ಹಾರದ ಹಕ್ಕಿ, ಬೆಳೆಯದ ಮರ, ಬಾರಿಸದ ಗಂಟೆ, ಈಜದ ಮೀನು. ಏನೂ ಮಾಡದ ನಾಲ್ಕನ್ನು ಊರಿನ ಗುರುತಾಗಿಟ್ಟುಕೊಂಡು ಅದರ ಕೆಳಗೆ ‘ಗ್ಲಾಸ್ಗೋ ಏಳಿಗೆ ಹೊಂದಲಿ’ ಎಂದು ಬರೆದಿದ್ದಾರೆ. ಇವರಿಗೆ ತಮ್ಮನ್ನೇ ತಾವು ಹಾಸ್ಯ ಮಾಡಿಕೊಳ್ಳುವುದು ಹುಟ್ಟುಗುಣವಿರಬೇಕು.

ನಾಲ್ಕೂ ಸಂತ ಮಂಗೋನ ಕಥೆಗಳಿಂದ ಬಂದವು. ಆರನೆಯ ಶತಮಾನದ ಈ ಸಂತ ಇಲ್ಲಿ ಮೊಲೆಂಡಿನಾರ್ ಎಂಬ ತೊರೆಯ ದಡದಲ್ಲಿ ಗುಡಿಸಲು ಕಟ್ಟಿಕೊಂಡನಂತೆ, ಊರು ಅದರ ಸುತ್ತ ಬೆಳೆಯಿತು. ತೊರೆ ಈಗ ನೆಲದಡಿಗೆ ಹೋಗಿದೆ. ಗುರುವಿನ ಸಾಕುಹಕ್ಕಿಯನ್ನು ಬದುಕಿಸಿದ್ದು, ಆರಿದ ಬೆಂಕಿಯನ್ನು ಹಸಿ ಕೊಂಬೆಯಿಂದ ಹೊತ್ತಿಸಿದ್ದು ಎಲ್ಲ ಸಂತರೂ ಮಾಡುವ ಕೆಲಸಗಳೇ. ಮೀನಿನ ಕಥೆಗೆ ಮಾತ್ರ ನಾನು ಕಿವಿ ನೆಟ್ಟಗೆ ಮಾಡಿದೆ. ರಾಣಿ ಲ್ಯಾಂಗೊರೆತ್ ತನ್ನ ಉಂಗುರವನ್ನು ಒಬ್ಬ ಸೈನಿಕನಿಗೆ ಕೊಟ್ಟಿದ್ದಳು. ರಾಜನಿಗೆ ಅನುಮಾನ ಬಂತು. ಸೈನಿಕ ನಿದ್ದೆ ಹೋದಾಗ ಅವನ ಬೆರಳಿನಿಂದ ಉಂಗುರ ಕಳಚಿ ಕ್ಲೈಡ್ ನದಿಗೆ ಎಸೆದ. ಆಮೇಲೆ ಅರಮನೆಗೆ ಬಂದು ‘ಉಂಗುರ ಎಲ್ಲಿ?’ ಎಂದು ರಾಣಿಯನ್ನು ಕೇಳಿದ. ಅವಳು ಮಂಗೋನ ಮೊರೆಹೋದಳು. ಅವನು ಶಿಷ್ಯನನ್ನು ನದಿಗೆ ಕಳಿಸಿ ಮೊದಲು ಸಿಕ್ಕ ಮೀನನ್ನು ತರಿಸಿದ. ಅದರ ಹೊಟ್ಟೆಯಲ್ಲಿ ಉಂಗುರ. ನಮ್ಮ ಶಕುಂತಲೆಯ ಉಂಗುರವೂ ಮೀನಿನ ಹೊಟ್ಟೆಯಲ್ಲೇ ಸಿಕ್ಕಿದ್ದು. ಆದರೆ ದುಷ್ಯಂತನಿಗೆ ಮರೆವು, ಶಾಪ ಎಂಬ ನೆಪವಾದರೂ ಇತ್ತು. ಈ ಮಹಾರಾಯನಿಗೆ ಎಲ್ಲವೂ ನೆನಪಿತ್ತು, ಬೇಕೆಂದೇ ಮಾಡಿದ. ಕೊನೆಗೆ ಉಂಗುರ ಕಂಡಾಗ ರಾಣಿಯ ಕ್ಷಮೆ ಕೇಳಿದ್ದೂ ಅವನೇ.

ಮಂಗೋನ ಸಮಾಧಿಯಿರುವುದು ಕೆಥೆಡ್ರಲಿನ ಕೆಳಗಿನ ಅಂತಸ್ತಿನಲ್ಲಿ. ಇಳಿಜಾರಿನ ಮೇಲೆ ಕಟ್ಟಿದ್ದರಿಂದ ಚರ್ಚಿನ ಕೆಳಗೆ ಇನ್ನೊಂದು ಚರ್ಚು ಸಿಕ್ಕಿಬಿಟ್ಟಿದೆ. ಕಂಬಗಳ ಕಾಡು, ಮಬ್ಬು ಬೆಳಕು, ತಣ್ಣನೆಯ ಕಲ್ಲಿನ ವಾಸನೆ. ನನಗೆ ನಮ್ಮ ಹಳೆಯ ದೇವಸ್ಥಾನಗಳ ಸುಕನಾಸಿ ನೆನಪಾಯಿತು. 1560ರ ಧರ್ಮಸುಧಾರಣೆಯ ಕಾಲದಲ್ಲಿ ಸ್ಕಾಟ್ಲೆಂಡಿನ ದೊಡ್ಡ ಚರ್ಚುಗಳು ಒಂದೊಂದಾಗಿ ಹಾಳಾದಾಗ ಇದು ಹೆಚ್ಚುಕಡಿಮೆ ಇಡಿಯಾಗಿ ಉಳಿಯಿತು. ಈಗ ಇದು ಬಿಷಪ್ ಇಲ್ಲದ ಕೆಥೆಡ್ರಲ್, ಏಕೆಂದರೆ ಸ್ಕಾಟ್ಲೆಂಡಿನ ಚರ್ಚಿನಲ್ಲಿ ಬಿಷಪ್ ಎಂಬ ಹುದ್ದೆಯೇ ಇಲ್ಲ.

ಹಿಂದೆ ಒಂದು ಸೇತುವೆ ದಾಟಿದರೆ ನೆಕ್ರೊಪೊಲಿಸ್, ಅಂದರೆ ಸತ್ತವರ ಪಟ್ಟಣ. 1830ರ ದಶಕದಲ್ಲಿ ಶುರುವಾದ ಈ ಗುಡ್ಡದಲ್ಲಿ ಸುಮಾರು ಐವತ್ತು ಸಾವಿರ ಜನ ಮಲಗಿದ್ದಾರೆ. ಸ್ಮಾರಕಗಳಿರುವುದು ಮೂರೂವರೆ ಸಾವಿರ ಮಾತ್ರ. ಲೆಕ್ಕ ನೀವೇ ಹಾಕಿಕೊಳ್ಳಿ. ವ್ಯಾಪಾರಿಗಳು, ಕಾರ್ಖಾನೆಯ ಒಡೆಯರು ಬದುಕಿದ್ದಾಗ ಮನೆಗಳಲ್ಲಿ ಮಾಡಿದ ಪೈಪೋಟಿಯನ್ನು ಇಲ್ಲಿ ಗೋರಿಗಳಲ್ಲಿ ಮುಂದುವರಿಸಿದ್ದಾರೆ. ಗುಡ್ಡದ ಬುಡದಲ್ಲೇ ಬಿಯರ್ ಕಾರ್ಖಾನೆ. ಬೇಯುವ ಮಾಲ್ಟಿನ ವಾಸನೆ ಗಾಳಿಯಲ್ಲಿ ಮೇಲೇರಿ ಗೋರಿಗಳ ನಡುವೆ ಸುತ್ತುತ್ತದೆ.

ನಾವು ಹುಡುಕುತ್ತಿದ್ದುದು ವಾಲ್ಟರ್ ಮ್ಯಾಕ್‌ಫರ್ಲೇನನ ಗೋರಿ. ಮಗಳು ಮೊಬೈಲಿನಲ್ಲಿ ನಕ್ಷೆ ಹಿಡಿದು ಮುಂದೆ, ನಮ್ಮವರು ಕೊಡೆ ಹಿಡಿದು ಹಿಂದೆ. ನಮ್ಮ ಕಂಬಗಳನ್ನು ಎರಕ ಹೊಯ್ದ ಸ್ಯಾರಸನ್ ಫೌಂಡ್ರಿಯನ್ನು ಕಟ್ಟಿದವನು ಇವನು. 1885ರಲ್ಲಿ ತೀರಿಕೊಂಡ. ಮೈಸೂರಿನ ಹಳೆಯ ಮರದ ಅರಮನೆ ಸುಟ್ಟದ್ದು 1897ರಲ್ಲಿ. ನಮ್ಮ ಕಂಬಗಳಿಗೆ ಕಬ್ಬಿಣ ಕರಗುವ ಹೊತ್ತಿಗೆ ಆತ ಈ ಗುಡ್ಡ ಸೇರಿ ಬಹಳ ಕಾಲವಾಗಿತ್ತು. ಗೋರಿ ಸಿಕ್ಕಿತು. ನಮ್ಮವರು ಚಪ್ಪಲಿ ಬಿಡಲು ಹೊರಟರು, ನೆಲ ನೋಡಿ ಸುಮ್ಮನಾದರು.

ಮೂರನೆಯ ದಿನ

ಕ್ವೀನ್ ಸ್ಟ್ರೀಟಿನಲ್ಲಿ ಕುದುರೆಯೇರಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್ನನ ಪ್ರತಿಮೆಯಿದೆ. 1844ರದ್ದು. ಅವನ ತಲೆಯ ಮೇಲೆ ರಸ್ತೆ ಕೆಲಸದವರು ಇಡುವ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನ್ ಟೋಪಿಯಂತೆ ಕುಳಿತಿದೆ. 1980ರ ದಶಕದಿಂದ ಇದು ನಡೆದುಬಂದಿದೆ. ನಗರಸಭೆಯವರು ತೆಗೆಸುತ್ತಾರೆ, ರಾತ್ರಿ ಯಾರೋ ಹತ್ತಿ ಮತ್ತೆ ಇಡುತ್ತಾರೆ. 2013ರಲ್ಲಿ ಯಾರೂ ಹತ್ತಲಾಗದಂತೆ ಪೀಠವನ್ನೇ ಎತ್ತರಿಸಬೇಕೆಂದು ನಗರಸಭೆ ಹೊರಟಿತು. ಊರಿಗೆ ಊರೇ ಕೋನಿನ ಪರವಾಗಿ ನಿಂತಿತು, ಯೋಜನೆ ಬಿದ್ದುಹೋಯಿತು.

ಪ್ರವಾಸಿಗರು ನಗುತ್ತ ಫೋಟೊ ತೆಗೆದುಕೊಳ್ಳುತ್ತಿದ್ದರು. ನಮ್ಮವರು ಮಾತ್ರ ಬೇರೆ ಕಾರಣಕ್ಕೆ ನಗುತ್ತಿದ್ದರು. ಇವನು ನಮ್ಮೂರಿಗೆ ಹಳೆಯ ಪರಿಚಯದವನು, ಆರ್ಥರ್ ವೆಲ್ಲೆಸ್ಲಿ. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಬಳಿಯ ಸುಲ್ತಾನಪೇಟೆ ತೋಪಿಗೆ ನುಗ್ಗಲು ಹೋಗಿ, ಕತ್ತಲಲ್ಲಿ ದಾರಿ ತಪ್ಪಿ, ಟಿಪ್ಪುವಿನ ಸೈನಿಕರಿಂದ ಪೆಟ್ಟು ತಿಂದು ಹಿಂದಿರುಗಿದವನು. ಒಂದು ತಿಂಗಳ ನಂತರ ಕೋಟೆ ಬಿದ್ದಾಗ ಅದೇ ಪಟ್ಟಣದ ಆಡಳಿತ ಅವನ ಕೈಗೆ ಬಂತು. ಮೈಸೂರಿನಲ್ಲಿ ಇಂದಿಗೂ ಅವನ ಹೆಸರಿನ ಮನೆಯಿದೆ. ‘ಆ ರಾತ್ರಿ ಈ ಟೋಪಿ ಇದ್ದಿದ್ದರೆ ದಾರಿಯಾದರೂ ಕಾಣುತ್ತಿತ್ತು’ ಎಂದರು ನಮ್ಮವರು.

ಪ್ರತಿಮೆಯ ಹಿಂದಿನ ಕಂಬಗಳ ಕಟ್ಟಡ ಈಗ ಆಧುನಿಕ ಕಲೆಯ ಗ್ಯಾಲರಿ. 1778ರಲ್ಲಿ ಅದರ ಒಳಭಾಗ ವಿಲಿಯಂ ಕನಿಂಗ್‌ಹ್ಯಾಮ್ ಎಂಬ ಹೊಗೆಸೊಪ್ಪಿನ ವ್ಯಾಪಾರಿಯ ಮನೆಯಾಗಿತ್ತು. ವರ್ಜೀನಿಯಾದ ತೋಟಗಳಲ್ಲಿ ಆಫ್ರಿಕಾದ ಗುಲಾಮರು ಬೆಳೆದ ಹೊಗೆಸೊಪ್ಪು ಈ ಊರಿಗೆ ಬಂದು ಯುರೋಪಿಗೆಲ್ಲ ಹಂಚಿಹೋಗುತ್ತಿತ್ತು. ಸುತ್ತಲಿನ ಬೀದಿಗಳ ಹೆಸರು ಓದಿದರೆ ಸಾಕು, ವರ್ಜೀನಿಯಾ ಸ್ಟ್ರೀಟ್, ಜಮೈಕಾ ಸ್ಟ್ರೀಟ್, ಉಳಿದವು ವ್ಯಾಪಾರಿಗಳ ಹೆಸರಿನವು: ಗ್ಲಾಸ್‌ಫರ್ಡ್, ಬ್ಯೂಕ್ಯಾನನ್. ಅಮೆರಿಕದಲ್ಲಿ ಸ್ವಾತಂತ್ರ್ಯ ಯುದ್ಧ ಶುರುವಾದಾಗ ಕನಿಂಗ್‌ಹ್ಯಾಮ್ ಸರಕನ್ನು ಹಿಡಿದಿಟ್ಟು, ಬೆಲೆ ಏರಿದಾಗ ಮಾರಿ ಇನ್ನಷ್ಟು ಕೊಬ್ಬಿದ. ಅದೇ ಯುದ್ಧದಲ್ಲಿ ಅಲೆಕ್ಸಾಂಡರ್ ಮುನ್ರೋ ಎಂಬ ಇನ್ನೊಬ್ಬ ಹೊಗೆಸೊಪ್ಪಿನ ವ್ಯಾಪಾರಿ ದಿವಾಳಿಯಾದ. ಅವನ ಮಗ ಹೊಟ್ಟೆಪಾಡಿಗಾಗಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿ 1780ರಲ್ಲಿ ಮದರಾಸಿನಲ್ಲಿ ಇಳಿದ. ಅವನೇ ಥಾಮಸ್ ಮುನ್ರೋ.

ನನ್ನ ತವರು ಕುಂದಾಪುರದ ಕಡೆ. ಟಿಪ್ಪು ಸತ್ತ ವರ್ಷವೇ ಕೆನರಾಕ್ಕೆ ಕಲೆಕ್ಟರಾಗಿ ಬಂದ ಈ ಮುನ್ರೋ ನಮ್ಮ ಗದ್ದೆ, ತೋಟಗಳ ಹಳೆಯ ಕಡತ ಕೆದಕಿ ತೆರಿಗೆ ಗೊತ್ತುಮಾಡಿದವನು. ಅಲ್ಲಿಂದ ಬಳ್ಳಾರಿ ಸೀಮೆಗೆ ಹೋದ, ಕೊನೆಗೆ ಮದರಾಸಿನ ಗವರ್ನರ್ ಆದ. ಅಜ್ಜ ಜಮೀನಿನ ಮಾತು ಬಂದಾಗಲೆಲ್ಲ ‘ಮುನ್ರೋ ಕಾಲದಿಂದ’ ಎನ್ನುತ್ತಿದ್ದರು. ಯಾರು ಮುನ್ರೋ ಎಂದು ನಾನು ಕೇಳಿರಲಿಲ್ಲ. ವರ್ಜೀನಿಯಾ ಸ್ಟ್ರೀಟಿನ ಮೂಲೆಯಲ್ಲಿ ಮಳೆಗೆ ನಿಂತಾಗ ಉತ್ತರ ಸಿಕ್ಕಿತು.

ಮಧ್ಯಾಹ್ನ ನಮ್ಮವರ ಪಾಲಿನದು. ಅವರು ಅಶೋಕಪುರಂ ರೈಲ್ವೆ ಕಾರ್ಯಾಗಾರದಿಂದ ನಿವೃತ್ತರಾದವರು. ಇಲ್ಲಿಯ ಸಬ್‌ವೇ 1896ರದ್ದು, ಲಂಡನ್, ಬುಡಾಪೆಸ್ಟ್ ಬಿಟ್ಟರೆ ಜಗತ್ತಿನಲ್ಲೇ ಹಳೆಯದು. ಒಂದೇ ವೃತ್ತ, ಹದಿನೈದು ನಿಲ್ದಾಣ. ಗೊಂಬೆಯಾಟದ ರೈಲಿನಂತೆ ಪುಟ್ಟದು. ಹಳಿಗಳ ಅಗಲ ನಾಲ್ಕು ಅಡಿ. ‘ಮೀಟರ್ ಗೇಜಿಗಿಂತ ಒಂದು ಗೇಣು ಹೆಚ್ಚು’ ಎಂದು ಅವರು ಘೋಷಿಸಿ, ಎಲ್ಲಿಯೂ ಇಳಿಯದೆ ಹತ್ತಿದ ನಿಲ್ದಾಣಕ್ಕೇ ಬರುವವರೆಗೆ ಕುಳಿತರು. ಪಕ್ಕದ ಅಜ್ಜಿ ‘ದಾರಿ ತಪ್ಪಿದಿರಾ?’ ಎಂದು ವಿಚಾರಿಸಿದರು.

ಕೆಲ್ವಿನ್‌ಗ್ರೋವ್ ವಸ್ತುಸಂಗ್ರಹಾಲಯವನ್ನು ಒಂದು ಗಂಟೆಯಲ್ಲಿ ಮುಗಿಸಿದೆವು. ಅಲ್ಲಿ ಪ್ರಾಣಿಗಳ ಮೇಲೆ ಯುದ್ಧವಿಮಾನ ತೂಗುತ್ತದೆ. ನೋಡಬೇಕಾದದ್ದು ಬಹಳವಿತ್ತು, ಕಾಲು ನೋಯುತ್ತಿತ್ತು. ನದಿಯ ದಡದ ಫಿನಿಸ್ಟನ್ ಕ್ರೇನಿನ ಕೆಳಗೆ ಮಾತ್ರ ನಮ್ಮವರು ಬೆಂಚಿನಿಂದ ಏಳಲಿಲ್ಲ. 1930ರ ದಶಕದ ಆರಂಭದ್ದು, 175 ಟನ್ ಎತ್ತುವ ಶಕ್ತಿ. ಊರಿನ ಉತ್ತರದ ಸ್ಪ್ರಿಂಗ್‌ಬರ್ನಿನಲ್ಲಿ ತಯಾರಾದ ಉಗಿಬಂಡಿಗಳನ್ನು ಬೀದಿಯಲ್ಲೇ ಎಳೆದುತಂದು ಈ ಕ್ರೇನಿನಿಂದ ಹಡಗಿಗೆ ಇಳಿಸುತ್ತಿದ್ದರು. ತೇರು ಎಳೆದಂತೆ ಜನ ನಿಂತು ನೋಡುತ್ತಿದ್ದಿರಬೇಕು. ಅವುಗಳಲ್ಲಿ ಎಷ್ಟೋ ಭಾರತಕ್ಕೆ ಬಂದವು. ನಾರ್ತ್ ಬ್ರಿಟಿಷ್ ಲೋಕೊಮೋಟಿವ್ ಕಂಪನಿ, ಗ್ಲಾಸ್ಗೋ ಎಂಬ ಹಿತ್ತಾಳೆಯ ಫಲಕವನ್ನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒರೆಸಿದ್ದೇನೆ ಎಂದರು. ಆ ಕಂಪನಿ 1962ರಲ್ಲಿ ಮುಚ್ಚಿತು. ಕ್ರೇನಿಗೆ ಈಗ ಎತ್ತುವುದಕ್ಕೆ ಏನೂ ಇಲ್ಲ.

ನಾಲ್ಕನೆಯ ದಿನ

ಗಾರ್ನೆಟ್‌ಹಿಲ್ಲಿನಲ್ಲಿ ಒಂದು ಟೆನೆಮೆಂಟ್ ಮನೆಯನ್ನು ಇದ್ದ ಹಾಗೆಯೇ ಉಳಿಸಿದ್ದಾರೆ. ಬೆರಳಚ್ಚುಗಾರ್ತಿ ಆಗ್ನೆಸ್ ಟವರ್ಡ್ 1911ರಲ್ಲಿ ತಾಯಿಯೊಡನೆ ಇಲ್ಲಿಗೆ ಬಂದು 1965ರವರೆಗೂ ಇದ್ದರು. ಏನನ್ನೂ ಎಸೆಯದ ಜೀವ. ಚೀಟಿ, ರಸೀದಿ, ಔಷಧದ ಬಾಟಲಿ, 1929ರಲ್ಲಿ ಮಾಡಿದ ಹಣ್ಣಿನ ಜಾಮಿನ ಭರಣಿ. ನನ್ನ ಅತ್ತೆಯವರೂ ಹೀಗೆಯೇ ಇದ್ದರು, ಆದರೆ ಅವರ ಮನೆಯನ್ನು ಯಾರೂ ಮ್ಯೂಸಿಯಂ ಮಾಡಲಿಲ್ಲ, ನಾವೇ ಗುಜರಿಗೆ ಹಾಕಿದೆವು.

ಅಡುಗೆಮನೆಯ ಗೋಡೆಯೊಳಗೆ ಗೂಡಿನಂತೆ ಮಾಡಿ ಅದರಲ್ಲಿ ಹಾಸಿಗೆ. ಒಲೆಯ ಬಿಸಿ ರಾತ್ರಿಯೂ ಬೆನ್ನಿಗೆ ತಾಗುತ್ತದೆ. ಕಲ್ಲಿದ್ದಲಿನ ಪೆಟ್ಟಿಗೆಯೂ ಅಲ್ಲೇ. ಗ್ಯಾಸ್ ದೀಪ ಹೋಗಿ ವಿದ್ಯುತ್ ಬಂದದ್ದು 1960ರಲ್ಲಿ. ಇದು ತಕ್ಕಮಟ್ಟಿಗೆ ಅನುಕೂಲಸ್ಥರ ಮನೆ. ಬಡವರ ಪಾಡು ಬೇರೆ. ಇಡೀ ಸಂಸಾರಕ್ಕೆ ಒಂದೇ ಕೋಣೆ, ಹಲವು ಮನೆಗಳಿಗೆ ಸೇರಿ ಮೆಟ್ಟಿಲಿನ ಬಳಿ ಒಂದು ಶೌಚಾಲಯ. ಮೆಟ್ಟಿಲು ತೊಳೆಯುವುದಕ್ಕೆ ಸರದಿ. ಸರದಿ ಯಾರದೋ ಅವರ ಬಾಗಿಲಿಗೆ ಒಂದು ಚೀಟಿ ನೇತುಹಾಕುತ್ತಿದ್ದರು. ಚೀಟಿ ನೋಡಿಯೂ ತೊಳೆಯದವರ ಬಗ್ಗೆ ಏನು ಮಾತಾಡಿಕೊಂಡಿರಬಹುದು ಎಂಬುದನ್ನು ವಠಾರದಲ್ಲಿ ಬಾಳಿದವರಿಗೆ ಹೇಳಬೇಕಾಗಿಲ್ಲ.

ಅಲ್ಲಿಂದ ಗ್ಲಾಸ್ಗೋ ಗ್ರೀನ್ ಮೈದಾನಕ್ಕೆ. ಅದರ ಅಂಚಿನಲ್ಲಿ ವೆನಿಸ್ಸಿನ ಅರಮನೆಯ ಮಾದರಿಯಲ್ಲಿ ಬಣ್ಣಬಣ್ಣದ ಇಟ್ಟಿಗೆಯ ಕಟ್ಟಡ. ಒಳಗೆ ನಡೆಯುತ್ತಿದ್ದುದು ಟೆಂಪಲ್ಟನ್ ಕಂಪನಿಯ ರತ್ನಗಂಬಳಿ ಕಾರ್ಖಾನೆ. 1889ರ ನವೆಂಬರ್ 1ರಂದು, ಇನ್ನೂ ಕಟ್ಟುತ್ತಿದ್ದಾಗ, ಬಿರುಗಾಳಿಗೆ ಈ ಚೆಂದದ ಮುಖದ ಗೋಡೆ ಕುಸಿದು ಪಕ್ಕದ ನೇಯ್ಗೆಯ ಶೆಡ್ಡಿನ ಮೇಲೆ ಬಿತ್ತು. 29 ಹೆಣ್ಣುಮಕ್ಕಳು ಸತ್ತರು. ಗೋಡೆಯನ್ನು ಮತ್ತೆ ಕಟ್ಟಿದರು, ಅಷ್ಟೇ ಚೆಂದವಾಗಿ. ನಾನು ಅದರ ಮುಂದೆ ಫೋಟೊ ತೆಗೆಸಿಕೊಳ್ಳಲಿಲ್ಲ.

ಸಂಜೆ ಗೋವನ್. ಕ್ಲೈಡ್ ದಡದ ಈ ಭಾಗದಲ್ಲಿ ಹಡಗು ಕಟ್ಟುವ ಸದ್ದು ನಿಲ್ಲುತ್ತಿರಲಿಲ್ಲವಂತೆ. ಸಬ್‌ವೇ ನಿಲ್ದಾಣದಿಂದ ಹೊರಬಂದರೆ ಮೇರಿ ಬಾರ್ಬರ್ ಎದುರಾಗುತ್ತಾಳೆ, ಹಿಂದೆ ಜನರ ಸಾಲು. ಕಂಚಿನ ಪ್ರತಿಮೆ, 2018ರದ್ದು. 1915ರಲ್ಲಿ ಗಂಡಸರು ಯುದ್ಧಕ್ಕೆ ಹೋಗಿದ್ದರು. ಮದ್ದುಗುಂಡಿನ ಕಾರ್ಖಾನೆಗಳಿಗೆ ಹೊರಗಿನಿಂದ ಕೆಲಸಗಾರರು ಬಂದು ತುಂಬಿದ್ದರು. ಮನೆಯ ಒಡೆಯರು ಬಾಡಿಗೆ ಏರಿಸಿದರು. ಮೇರಿಯೂ ಅಕ್ಕಪಕ್ಕದ ಹೆಂಗಸರೂ ಏರಿಸಿದ ಬಾಡಿಗೆ ಕೊಡುವುದಿಲ್ಲ ಎಂದರು. ಮನೆ ಖಾಲಿ ಮಾಡಿಸಲು ಅಧಿಕಾರಿ ಬರುವುದು ಕಂಡರೆ ಕ್ಲೋಸಿನಲ್ಲಿ ಒಬ್ಬಳು ಗಂಟೆ ಬಾರಿಸುವುದು. ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಟ್ಟು ಮೆಟ್ಟಿಲಿಗೆ ಓಡಿಬಂದು ಅವನ ಮೇಲೆ ಹಿಟ್ಟಿನ ಪೊಟ್ಟಣ ಎಸೆಯುವುದು. ಹಿಟ್ಟು ಮೆತ್ತಿಕೊಂಡ ಅಧಿಕಾರಿಗೆ ನೋಟಿಸು ಓದುವ ಗಾಂಭೀರ್ಯ ಎಲ್ಲಿಂದ ಬರಬೇಕು! ನವೆಂಬರ್ ಹೊತ್ತಿಗೆ ಸುಮಾರು 20,000 ಮನೆಗಳು ಸೇರಿದವು. ವರ್ಷ ಮುಗಿಯುವ ಮುನ್ನ ಸರ್ಕಾರ ಬಾಡಿಗೆಯನ್ನು ಯುದ್ಧದ ಮುಂಚಿನ ದರಕ್ಕೆ ನಿಲ್ಲಿಸುವ ಕಾನೂನು ತಂದಿತು.

ಹಿಂದಿರುಗುವ ಬಸ್ಸಿನಲ್ಲಿ ಇಳಿಯುವವರೆಲ್ಲ ಚಾಲಕನಿಗೆ ಕೂಗಿ ಥ್ಯಾಂಕ್ಸ್ ಹೇಳಿ ಇಳಿಯುತ್ತಿದ್ದರು. ನಾನೂ ಹೇಳಿದೆ, ಕನ್ನಡದಲ್ಲಿ. ಅವನು ಕೈ ಎತ್ತಿದ.

ಐದನೆಯ ದಿನ

ಬೆಳಿಗ್ಗೆ ಮನೆಯ ಹತ್ತಿರದ ಅಲೆಕ್ಸಾಂಡ್ರಾ ಪಾರ್ಕಿಗೆ ಹೋದೆವು. ಅಲ್ಲಿ ಸ್ಯಾರಸನ್ ಫೌಂಡ್ರಿಯ ದೊಡ್ಡ ಕಾರಂಜಿಯಿದೆ, ಸುಮಾರು ನಲವತ್ತು ಅಡಿ ಎತ್ತರ, ಪೂರ್ತಿ ಬೀಡು ಕಬ್ಬಿಣ. 1901ರ ಅಂತರರಾಷ್ಟ್ರೀಯ ಪ್ರದರ್ಶನಕ್ಕೆಂದು ಮಾಡಿದ್ದು. ಬಳ್ಳಿ, ಎಲೆ, ತೋರಣ. ನಮ್ಮವರು ಸುತ್ತ ಮೂರು ಪ್ರದಕ್ಷಿಣೆ ಹಾಕಿ ಜೋಡಣೆಯ ಸಂದುಗಳನ್ನು ಹುಡುಕಿದರು. ಮ್ಯಾಕ್‌ಫರ್ಲೇನ್ ಕಂಪನಿ ಎಲ್ಲವನ್ನೂ ಕ್ಯಾಟಲಾಗಿನಲ್ಲಿ ಮಾರುತ್ತಿತ್ತು. ಕಂಬಕ್ಕೊಂದು ಸಂಖ್ಯೆ, ಕಂಬದ ತಲೆಗೊಂದು ಸಂಖ್ಯೆ, ಕಟಾಂಜನಕ್ಕೊಂದು. ದೂರದೂರಿನ ರಾಜನೋ ಪುರಸಭೆಯೋ ಆರಿಸಿ ಬರೆದರೆ ಬಿಡಿಭಾಗಗಳು ಹಡಗು ಹತ್ತುತ್ತಿದ್ದವು, ಅಲ್ಲಿ ಬೋಲ್ಟು ಹಾಕಿ ನಿಲ್ಲಿಸುವುದು. 1889ರಲ್ಲಿ ಅಡಿಗಲ್ಲು ಬಿದ್ದ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯ ಕಬ್ಬಿಣವೂ ಹೀಗೆಯೇ ಬಂದದ್ದು.

ಆಮೇಲೆ ಬಸ್ ಹಿಡಿದು ಆ ಫೌಂಡ್ರಿಯಿದ್ದ ಪಾಸಿಲ್‌ಪಾರ್ಕಿಗೆ. ‘ಅಲ್ಲಿ ನೋಡುವುದಕ್ಕೆ ಏನೂ ಇಲ್ಲ ಅಮ್ಮ’ ಎಂದು ಮಗಳು ಹೇಳುತ್ತಲೇ ಇದ್ದಳು. ತವರಿಗೆ ಹೋಗುವುದು ನೋಡುವುದಕ್ಕಲ್ಲವಲ್ಲ.

ಮ್ಯಾಕ್‌ಫರ್ಲೇನ್ 1860ರ ದಶಕದ ಕೊನೆಯಲ್ಲಿ ಈ ಜಮೀನು ಕೊಂಡಾಗ ಇಲ್ಲಿದ್ದವರು ಬೆರಳೆಣಿಕೆಯ ಜನ. 1891ರ ಹೊತ್ತಿಗೆ ಹತ್ತು ಸಾವಿರ. ಫೌಂಡ್ರಿಯೇ ಊರಾಯಿತು. ಮುಖ್ಯ ಬೀದಿಯ ಹೆಸರು ಸ್ಯಾರಸನ್ ಸ್ಟ್ರೀಟ್, ಕೂಡುರಸ್ತೆ ಸ್ಯಾರಸನ್ ಕ್ರಾಸ್. ಬೀಡು ಕಬ್ಬಿಣಕ್ಕೆ ಬೇಡಿಕೆ ತಗ್ಗಿತು, ಕಾಂಕ್ರೀಟು ಬಂತು, 1967ರಲ್ಲಿ ಫೌಂಡ್ರಿ ಮುಚ್ಚಿತು. ಈಗ ಇದು ನಗರದ ಅತಿ ಬಡ ಬಡಾವಣೆಗಳಲ್ಲೊಂದು. ಮಗಳು ಹೇಳಿದ್ದು ನಿಜ. ತಗ್ಗು ಶೆಡ್ಡುಗಳು, ತಂತಿ ಬೇಲಿ, ಬೇಲಿಯಾಚೆ ಹುಲ್ಲು. ಬೀದಿಯಲ್ಲಿ ಔಷಧದಂಗಡಿ, ಜೂಜಿನಂಗಡಿ, ಮೀನು ಕರಿಯುವ ಅಂಗಡಿ, ಮುಚ್ಚಿದ ಷಟರುಗಳು. ಜಗತ್ತಿಗೆಲ್ಲ ಕಾರಂಜಿ, ಮಂಟಪ, ವಾದ್ಯವೇದಿಕೆ ಕಳಿಸಿದ ಜಾಗದಲ್ಲಿ ನಮಗೆ ಕೂರಲು ಸಿಕ್ಕಿದ್ದು ಬಸ್ ನಿಲ್ದಾಣದ ಓರೆ ಬೆಂಚು.

ಸಣ್ಣ ಮಳೆ ಹಿಡಿಯಿತು. ಇಂಥ ಮಂಕು, ಬಿಡದ, ಮೂಳೆಗಿಳಿಯುವ ಹವೆಗೆ ಇವರಲ್ಲಿ ‘ಡ್ರೀಖ್’ ಎಂಬ ಪದವಿದೆ, ಹೇಳುವಾಗಲೇ ಗಂಟಲು ಕಟ್ಟುತ್ತದೆ. ಪಕ್ಕದಲ್ಲಿ ಎಂಬತ್ತು ದಾಟಿದ ಒಬ್ಬ ಹಿರಿಯರು ತರಕಾರಿ ಚೀಲ ಹಿಡಿದು ಕುಳಿತಿದ್ದರು. ಎಲ್ಲಿಂದ ಬಂದಿರಿ, ಇಲ್ಲಿಗೇಕೆ ಬಂದಿರಿ ಎಂದು ಕೇಳಿದರು. ಇಲ್ಲಿಗೆ ಯಾರೂ ಪ್ರವಾಸ ಬರುವುದಿಲ್ಲ ಎಂಬುದು ಅವರ ದನಿಯಲ್ಲೇ ಇತ್ತು. ಮಗಳು ಹೇಳಿದಳು: ಭಾರತದ ಮೈಸೂರಿನವರು, ಅಲ್ಲೊಂದು ಅರಮನೆಯಿದೆ, ಅದರ ಮದುವೆ ಮಂಟಪದ ಕಂಬಗಳನ್ನೂ ಗಾಜಿನ ಮಾಡನ್ನು ಹೊತ್ತ ಚೌಕಟ್ಟನ್ನೂ ಇಲ್ಲಿಯ ಫೌಂಡ್ರಿ ಮಾಡಿತ್ತು, ಅದನ್ನು ಮಾಡಿದ ಜಾಗ ನೋಡಲು ಬಂದಿದ್ದಾರೆ.

ನಮ್ಮವರು ಮೊಬೈಲಿನಲ್ಲಿ ಚಿತ್ರ ತೋರಿಸಿದರು. ಹಿರಿಯರು ಕನ್ನಡಕ ಒರೆಸಿಕೊಂಡು, ಚಿತ್ರವನ್ನು ಹತ್ತಿರ ತಂದು, ನವಿಲುಗಳನ್ನೂ ಚಿನ್ನದ ಬಣ್ಣವನ್ನೂ ದಾಟಿ ನೇರ ಗಾಜಿಗೆ ಚೌಕಟ್ಟು ಕೂಡುವ ಅಂಚನ್ನೇ ನೋಡಿದರು.

‘ಸೋರುತ್ತದೆಯೇ?’ ಎಂದರು.

ಇಂಥ ಪ್ರಶ್ನೆಯನ್ನು ನಮ್ಮವರಿಗೆ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ. ಅವರು ಸ್ವಲ್ಪ ಯೋಚಿಸಿ, ದಸರಾ ಸಮಯದ ಮಳೆಯಲ್ಲಿ ತಾವು ನಿಂತ ದಿನಗಳನ್ನು ಲೆಕ್ಕ ಹಾಕಿ, ಪ್ರಮಾಣ ಮಾಡುವವರಂತೆ ಉತ್ತರಿಸಿದರು.

‘ನಾನು ಕಂಡಂತೆ ಇಲ್ಲ.’

ಹಿರಿಯರು ತಲೆಯಾಡಿಸಿ ಮೊಬೈಲನ್ನು ಹಿಂದಕ್ಕೆ ಕೊಟ್ಟರು. ನಮ್ಮ ತಲೆಯ ಮೇಲಿನ ಬಸ್ ನಿಲ್ದಾಣದ ಮಾಡು ಸೋರುತ್ತಿತ್ತು. ಅವರು ಚೀಲವನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿಕೊಂಡು ನನಗೆ ಜಾಗ ಮಾಡಿದರು.